ಪೇಟಿ ರಾಚಪ್ಪನ ಬುಲೆಟ್

ನಾನು ಒಂದು ಮೋಟಾರ್ ಸೈಕಲ್. ಹುಟ್ಟಿದ್ದು ಮದರಾಸಿನಲ್ಲಿ, ಬಾಳಿದ್ದು ಗದಗಿನಲ್ಲಿ. ಕಾರ್ಖಾನೆಯ ನೆನಪು ನನಗೆ ಹೆಚ್ಚಿಲ್ಲ. ಕಾದ ಕಬ್ಬಿಣದ ವಾಸನೆ, ಟಾಂಕಿಯ ಮೇಲೆ ಸಣ್ಣ ಕುಂಚದಿಂದ ಬಂಗಾರದ ಗೆರೆ ಎಳೆಯುತ್ತಿದ್ದವನ ಬಿಗಿಹಿಡಿದ ಉಸಿರು, ಮೊದಲ ಸಲ ಕಿಕ್ ಹೊಡೆದಾಗ ಎದೆಯೊಳಗೆ ಹೊತ್ತಿಕೊಂಡ ಕಿಡಿ, ಇಷ್ಟೇ. ಆಮೇಲೆ ಗೋಣಿ ಸುತ್ತಿ ಗೂಡ್ಸ್ ಗಾಡಿಗೆ ಹಾಕಿದರು. ಗೋಣಿ ಬಿಚ್ಚಿದಾಗ ಸುತ್ತ ಕರಿಮಣ್ಣಿನ ಸೀಮೆ ಇತ್ತು.

ನನ್ನ ಮೊದಲ ಒಡೆಯ ಯಮನೂರಸಾಬ. ಆಗ ಗದಗಿನ ಒಂದು ಟಾಕೀಜು, ಪಕ್ಕದ ಬೆಟಗೇರಿಯ ಒಂದು ಟಾಕೀಜು ಸೇರಿ ಒಂದೇ ಸಿನಿಮಾ ಪ್ರಿಂಟು ತರಿಸುತ್ತಿದ್ದವು. ಇಲ್ಲಿ ಒಂದು ರೀಲು ಮುಗಿಯುತ್ತಲೇ ಅದನ್ನು ಅಲ್ಲಿಗೆ ಮುಟ್ಟಿಸಬೇಕು. ತಡವಾದರೆ ಪರದೆ ಬರಿದಾಗಿ ಜನ ಕುರ್ಚಿ ಬಡಿಯುತ್ತಿದ್ದರು. ಮುಟ್ಟಿಸುವ ಕೆಲಸ ಯಮನೂರಸಾಬನದು. ಕಮ್ಮಾರನ ಕಡೆಯಿಂದ ನನ್ನ ಬೆನ್ನಿಗೆ ದಪ್ಪ ಕಬ್ಬಿಣದ ಕ್ಯಾರಿಯರ್ ಹಾಕಿಸಿದ್ದ. ಅದರ ಮೇಲೆ ರೀಲಿನ ಡಬ್ಬಿ ಹೇರಿಕೊಂಡು, ಸಂತೆಯ ಜನರ ನಡುವೆ ಹಾರ್ನ್ ಒತ್ತುತ್ತ ಓಡಿಸುತ್ತಿದ್ದ. ಅವನು ಕೆಟ್ಟವನಲ್ಲ, ಅವಸರದವನು. ನನ್ನ ಚೈನಿಗೆ ಎಣ್ಣೆ ಬೇಕೆಂಬುದು ಅದು ಹರಿದ ದಿನವೇ ಅವನಿಗೆ ನೆನಪಾಗುತ್ತಿತ್ತು. ಬೆಟಗೇರಿಯ ಟಾಕೀಜು ಮುಚ್ಚಿತು. ನನ್ನನ್ನು ಮಾರಾಟಕ್ಕೆ ನಿಲ್ಲಿಸಿದ.

ನೋಡಲು ಬಂದವನು ನಲವತ್ತರ ಆಸುಪಾಸಿನ ಸಣಕಲು ಮನುಷ್ಯ. ಹೆಸರು ರಾಚಪ್ಪ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಪೇಟಿ ರಿಪೇರಿ ಮಾಡಿ ಸುರ ಕೂಡಿಸುವುದು ಅವನ ಕಸುಬಾದ್ದರಿಂದ ಊರಿಗೆಲ್ಲ ಅವನು ಪೇಟಿ ರಾಚಪ್ಪ. ಅವನು ನನ್ನ ಬಣ್ಣ ನೋಡಲಿಲ್ಲ, ಟೈರು ಒತ್ತಲಿಲ್ಲ. ಚಾಲು ಮಾಡಲು ಹೇಳಿ, ಬಗ್ಗಿ, ಕಣ್ಣು ಮುಚ್ಚಿ ಕಿವಿಯನ್ನು ಟಾಂಕಿಯ ಹತ್ತಿರ ತಂದ.

“ಒಂದು ಟ್ಯಾಪೆಟ್ ಸಡಿಲ ಆಗೇತಿ,” ಎಂದ. “ಇಂಜಿನ್ ಛಲೋ ಐತಿ. ಇದನ್ನ ಕೇಳೋರು ಯಾರೂ ಇದ್ದಿಲ್ಲ, ಅಷ್ಟ.”

ಯಮನೂರಸಾಬ ನಕ್ಕು ಒಪ್ಪಿಕೊಂಡ. ಆ ದಿನವೇ ನಾನು ರಾಚಪ್ಪನ ಮನೆಯ ಅಂಗಳ ಸೇರಿದೆ.

ಆ ಅಂಗಳದಲ್ಲಿ ಒಂದು ಕಡೆ ಬಿಚ್ಚಿದ ಪೇಟಿಗಳು, ಇನ್ನೊಂದು ಕಡೆ ಬಿಚ್ಚಿದ ನಾನು. ರವಿವಾರ ಅವನು ನನ್ನ ಹಳೆಯ ಎಣ್ಣೆ ಇಳಿಸಿ, ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ಕೊಂಡಿ ತಿಕ್ಕುತ್ತಿದ್ದ. ಇಂಜಿನ್ನಿನ ವಾಲ್ವು ಎತ್ತುವ ಟ್ಯಾಪೆಟ್ ಸರಿಮಾಡುವಾಗ ಪಾನಾ ಹಿಡಿದು ಕಾಲು ಸುತ್ತು ತಿರುಗಿಸುವುದು, ಚಾಲು ಮಾಡಿ ಕೇಳುವುದು, ಮತ್ತೆ ಒಂದಿಷ್ಟು ತಿರುಗಿಸುವುದು. ಪೇಟಿಯ ರೀಡನ್ನೂ ಹಾಗೆಯೇ ಕೂಡಿಸುತ್ತಿದ್ದ. ಗಾಳಿಗೆ ಮಿಡಿದು ದನಿ ಕೊಡುವ ತೆಳ್ಳನೆಯ ಹಿತ್ತಾಳೆಯ ಪಟ್ಟಿ ಅದು; ಅರದಿಂದ ಒಂದೆಳೆ ಸವರುವುದು, ಊದಿ ಕೇಳುವುದು.

ದೂರದೂರಿನ ನಾಟಕ ಕಂಪನಿಗಳು, ಭಜನಾ ಮೇಳಗಳು ಅವನನ್ನು ಕರೆಸುತ್ತಿದ್ದವು. ಕುಲುಕಿದರೆ ರೀಡುಗಳ ಸುರ ಕೆಡುತ್ತದೆಂದು, ರೀಲಿನ ಕ್ಯಾರಿಯರಿನ ಮೇಲೆ ಸೈಕಲ್ ಸೀಟಿನ ಸ್ಪ್ರಿಂಗುಗಳನ್ನು ಜೋಡಿಸಿ ಪೇಟಿಗೊಂದು ತೊಟ್ಟಿಲಿನಂಥ ಜಾಗ ಮಾಡಿದ. ಎದುರುಗಾಳಿಗೆ ಗಾಜು ಹಾಕಿದ. ಉದ್ದದ ದಾರಿಯಲ್ಲಿ ಬೆನ್ನು ನೋಯಬಾರದೆಂದು ಹ್ಯಾಂಡಲ್ ಎತ್ತರಿಸಿದ. ಹೆಂಡತಿ ಅಂದಾನವ್ವನಿಗಾಗಿ ಹಿಂದಿನ ಸೀಟಿಗೆ ದಪ್ಪ ಸ್ಪಂಜು ಕೂಡಿಸಿದ. ರೋಣ, ನರೇಗಲ್ಲ, ಮುಂಡರಗಿ, ಕುಷ್ಟಗಿ, ಆ ಕಡೆ ಇಳಕಲ್ಲಿನವರೆಗೆ ನಾವು ತಿರುಗಾಡಿದೆವು. ನನ್ನೊಳಗೆ ಸಣ್ಣ ಸದ್ದು ಬದಲಾದರೂ ಅವನು ಬದಿಗೆ ನಿಲ್ಲಿಸುತ್ತಿದ್ದ. ಬಾಯಿಲ್ಲದ ನನಗೆ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಬಹಳ ವರ್ಷ ಹೀಗೆ ನಡೆಯಿತು.

ಒಂದು ಮಳೆಗಾಲ ಮುಗಿದ ಮೇಲೆ ನರೇಗಲ್ಲದಿಂದ ಬರುವಾಗ ನನ್ನ ಚೈನು ಒಣಗಿ ಕಿರುಗುಟ್ಟತೊಡಗಿತು. ಈಗ ನಿಲ್ಲಿಸುತ್ತಾನೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಹೊಲದಲ್ಲಿ ಕೂತಿದ್ದ ಹಕ್ಕಿಗಳು ಆ ಸದ್ದಿಗೆ ಎದ್ದು ಹಾರಿದವು. ದಾರಿಯಲ್ಲಿದ್ದ ಜನ ತಿರುಗಿ ನೋಡಿದರು. ರಾಚಪ್ಪ ತನ್ನಷ್ಟಕ್ಕೆ ತಾನು ಏನೋ ಗುನುಗುತ್ತ ಗದಗಿನವರೆಗೂ ಬಂದ. ಗುನುಗುತ್ತಿದ್ದ ಸುರವೂ ಅವನ ಎಂದಿನ ಸುರವಾಗಿರಲಿಲ್ಲ.

ಮುಂದಿನ ರವಿವಾರ ಟ್ಯಾಪೆಟ್ ಸರಿಮಾಡಿದ. ಚಾಲು ಮಾಡಿ, ಬಗ್ಗಿ ಕೇಳಿದ. ಕಟಕಟ ಎನ್ನುತ್ತಿದ್ದೆ. ಅವನು ಇನ್ನೂ ಬಗ್ಗಿದ. ಆಮೇಲೆ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಸ್ಕ್ರೂಡ್ರೈವರಿನ ತುದಿಯನ್ನು ನನ್ನ ಇಂಜಿನ್ನಿಗೆ ಊರಿ, ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ನನ್ನ ನಡುಕ ಅವನ ದವಡೆಗೆ ಹೋಯಿತು. ಆಗ ನನಗೆ ತಿಳಿಯಿತು. ನನ್ನನ್ನು ಕೇಳುತ್ತಿದ್ದ ಒಂದೇ ಜೋಡಿ ಕಿವಿ ಹೋಗುತ್ತಿತ್ತು. ಈ ಸಂಗತಿ ಗೊತ್ತಿದ್ದವರು ನಾವಿಬ್ಬರೇ. ನಾನು ಯಾರಿಗೂ ಹೇಳಲಾರೆ. ಅವನು ಯಾರಿಗೂ ಹೇಳಲೊಲ್ಲ.

ಅವನು ನನಗೆ ಕನ್ನಡಿಗಳನ್ನು ಹಾಕತೊಡಗಿದ. ಮೊದಲು ಎಡಕ್ಕೊಂದು, ಬಲಕ್ಕೊಂದು. ಸಾಲದೆ ಹಳೆಯ ಬಸ್ಸಿನ ದೊಡ್ಡ ಗುಂಡುಕನ್ನಡಿ ತಂದು ಹ್ಯಾಂಡಲಿಗೆ ಬಿಗಿದ. ಮದುವೆಯ ಕುದುರೆ ಮಾಡಿಟ್ಟೀಯಲ್ಲೋ ಎಂದು ಓಣಿಯವರು ನಗುತ್ತಿದ್ದರು. ರಾಚಪ್ಪ ಅವರ ಮುಖ ನೋಡಿ, ನಗುವುದು ಗೊತ್ತಾದ ಮೇಲೆ, ತಾನೂ ನಗುತ್ತಿದ್ದ. ದಾರಿಯಲ್ಲಿ ಅವನ ಕಣ್ಣು ಮುಂದಿಗಿಂತ ಕನ್ನಡಿಯಲ್ಲೇ ಹೆಚ್ಚು ಇರುತ್ತಿತ್ತು. ಒಮ್ಮೆ ಮುಂಡರಗಿಯ ದಾರಿಯಲ್ಲಿ ಬಸ್ಸೊಂದು ಬಹಳ ಹೊತ್ತಿನಿಂದ ಹಾರ್ನ್ ಹಾಕುತ್ತ ಬಂದು ನಮ್ಮನ್ನು ಸವರಿಕೊಂಡೇ ಮುಂದೆ ಹೋಯಿತು. ಗಾಳಿಗೆ ನಾನು ಮಣ್ಣಿಗಿಳಿದೆ. ಅವನು ನನ್ನನ್ನು ನಿಲ್ಲಿಸಿ, ಹ್ಯಾಂಡಲ್ ಹಿಡಿದುಕೊಂಡೇ ತಲೆ ತಗ್ಗಿಸಿ ಕೂತ.

ಕಸುಬೂ ಕೆಡತೊಡಗಿತ್ತು. ಗಜೇಂದ್ರಗಡದ ಒಂದು ನಾಟಕ ಕಂಪನಿಯ ಪೇಟಿ ಮಾಸ್ತರ ಕಳಕಪ್ಪ, ರಾಚಪ್ಪನ ಹಳೆಯ ಗಿರಾಕಿ. ಅವನೇ ಬಂದು, ಮೇಲಿನ ಸಪ್ತಕ ಕೂಡಿಲ್ಲ, ಹಾಡುವವರು ತಿರುಗಿ ತಿರುಗಿ ತನ್ನ ಮುಖ ನೋಡಿದರು ಎಂದ. ಹವೆಯ ತಂಪಿಗೆ ಹಾಗಾಗಿರಬೇಕು ಎಂದು ರಾಚಪ್ಪ ಹೇಳಿದ. ಕಳಕಪ್ಪ, ಇನ್ನೊಮ್ಮೆ ನೋಡು ಎಂದು ಪೇಟಿ ಬಿಟ್ಟುಹೋದ. ಅಂದಾನವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು.

ಮರುದಿನ ಅವಳು ತಂಗಿಯ ಮನೆಗೆ ಹೋಗಬೇಕೆಂದು ನನ್ನ ಬೆನ್ನೇರಿದಳು. ಊರು ದಾಟಿದ ಮೇಲೆ, ಅವನ ಬೆನ್ನ ಹಿಂದಿನಿಂದ, ಎಂದಿನ ದನಿಯಲ್ಲೇ ಹೇಳಿದಳು:

“ನಮ್ಮ ಮನಿಗೆ ಬೆಂಕಿ ಹತ್ತೇತ್ರಿ.”

“ಹೂಂ, ಹೂಂ,” ಎಂದ ರಾಚಪ್ಪ.

ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು. ಅವನು ತಲೆಯಾಡಿಸಿದ. ಅವಳು ಹಣೆಯನ್ನು ಅವನ ಬೆನ್ನಿಗೆ ಆನಿಸಿದಳು. ಅವಳ ಮೈ ನಡುಗುತ್ತಿದ್ದುದು ಸೀಟಿನ ಸ್ಪಂಜಿನ ಮೂಲಕ ನನಗೆ ತಿಳಿಯುತ್ತಿತ್ತು. ಅವನು ಕೆಟ್ಟ ರಸ್ತೆಯ ಕುಲುಕಾಟ ಎಂದುಕೊಂಡು ಓಟ ತಗ್ಗಿಸಿದ.

ಅಂದಿನಿಂದ ಅವಳು ಅವನನ್ನು ಒಬ್ಬನೇ ಹೋಗಲು ಬಿಡಲಿಲ್ಲ. ಒಮ್ಮೆ ತಂಗಿ, ಒಮ್ಮೆ ದೇವರು, ಒಮ್ಮೆ ಒಣ ಮೆಣಸಿನಕಾಯಿ. ಏನಾದರೊಂದು ನೆಪ ಹೇಳಿ ಹಿಂದೆ ಕೂತುಬಿಡುತ್ತಿದ್ದಳು. ಹಿಂದಿನಿಂದ ಲಾರಿಯ ಸದ್ದು ಕೇಳಿದೊಡನೆ ಅವನ ಭುಜ ತಟ್ಟಿ, ಬಾಯಿಗೆ ಬೆರಳು ತೋರಿಸಿ, ನೀರಡಿಕೆಯಾಗಿದೆ ಎನ್ನುವಳು. ಅವನು ಬೈಯುತ್ತ ಬದಿಗೆ ನಿಲ್ಲಿಸುವನು. ಲಾರಿ ಹೋಗುವುದು. ಅವಳು ಎರಡು ಗುಟುಕು ಕುಡಿದು ಮತ್ತೆ ಏರುವಳು. ಇವಳು ಯಾಕೆ ಇಷ್ಟು ನೀರು ಕುಡಿಯುತ್ತಾಳೆಂದು ಅವನಿಗೆ ನಿಜವಾಗಿಯೂ ತಿಳಿಯಲಿಲ್ಲವೋ, ತಿಳಿದೂ ಕೇಳಲು ಅಂಜಿದನೋ, ನಾನು ಹೇಳಲಾರೆ. ಇಬ್ಬರೂ ಒಬ್ಬರ ಭಯವನ್ನು ಇನ್ನೊಬ್ಬರಿಂದ ಮುಚ್ಚಿಟ್ಟು ನನ್ನ ಮೇಲೆ ಕೂತಿರುತ್ತಿದ್ದರು. ಅಷ್ಟು ಭಾರ ನಾನು ಎಂದೂ ಹೊತ್ತಿರಲಿಲ್ಲ.

ಎಷ್ಟೋ ದಿನ ಮುಂದೆ ಹಾಕಿದ ಮೇಲೆ ಕಳಕಪ್ಪನ ಪೇಟಿಯನ್ನು ರಾಚಪ್ಪ ಮತ್ತೆ ಕೂಡಿಸಿದ. ಕಟ್ಟಿಗೆಗೆ ಹಲ್ಲು ಊರಿ, ಕಣ್ಣು ಬಿಗಿದು ಮುಚ್ಚಿ, ಒಂದೊಂದು ರೀಡಿಗೆ ಒಂದೊಂದು ಹೊತ್ತು ಕಳೆದ. ಕಂಪನಿ ಆಗ ಹೊಳೆಆಲೂರಿನ ಕಡೆ ಬೀಡುಬಿಟ್ಟಿತ್ತು. ಅಂದು ಸಂಜೆ ಆಟ. ಹೊತ್ತಿಗೆ ಮುಂಚೆ ಪೇಟಿ ಮುಟ್ಟಿಸಬೇಕೆಂದು ಮಧ್ಯಾಹ್ನವೇ ಹೊರಟೆವು. ಪೇಟಿ ತನ್ನ ತೊಟ್ಟಿಲಲ್ಲಿ, ಅಂದಾನವ್ವ ಸೀಟಿನಲ್ಲಿ.

ಅವಸರಕ್ಕೆಂದು ಅವನು ಅಡ್ಡದಾರಿ ಹಿಡಿದ. ಎರಡೂ ಬದಿಗೆ ಆಳೆತ್ತರದ ಬಿಳಿಜೋಳ. ಮುಂದೆ ಸಣ್ಣ ಏರು, ಅದರ ಮೇಲೆ ಗೇಟಿಲ್ಲದ ರೈಲು ದಾಟು. ಹಳಿಯ ಹತ್ತಿರ ಹೋಗುವವರೆಗೂ ಆಚೀಚೆ ಏನೂ ಕಾಣುವುದಿಲ್ಲ; ಕಿವಿಯನ್ನೇ ನಂಬಿ ದಾಟಬೇಕು.

ನೆಲದ ಅದುರು ಮೊದಲು ನನ್ನ ಗಾಲಿಗೆ ತಾಗಿತು. ಆಮೇಲೆ ಸೀಟಿ. ಉದ್ದನೆಯ ಸೀಟಿ, ಇನ್ನೊಂದು, ಇನ್ನೂ ಹತ್ತಿರದ್ದು. ಅಂದಾನವ್ವ ಅವನ ಭುಜ ತಟ್ಟಿದಳು. ಅವನು ನೀರಡಿಕೆ ಎಂದುಕೊಂಡು, ಹಳಿ ದಾಟಿ ನಿಲ್ಲಿಸುತ್ತೇನೆ ಎಂದ. ಅವಳು ಕೂಗಿದಳು, ಬೆನ್ನಿಗೆ ಗುದ್ದಿದಳು.

“ರೈಲು ಬಂತ್ರೀ, ನಿಲ್ಲಸ್ರಿ.”

“ಹೂಂ, ದಾಟಿ ನಿಲ್ಲಸ್ತೇನಿ ಅಂದ್ನೆಲ್ಲ.”

ಅವನ ಕಣ್ಣು ಗುಂಡುಕನ್ನಡಿಯಲ್ಲಿತ್ತು. ಹಿಂದೆ ಏನೂ ಬರುತ್ತಿರಲಿಲ್ಲ. ಅವನು ಗಿಯರ್ ಬದಲಿಸಿ ಏರಿಗೆ ವೇಗ ಕೊಟ್ಟ. ನಾನು ಇಂಜಿನ್ ಬಂದ್ ಬೀಳಲಿ ಎಂದು ಹಾರೈಸಿದೆ. ಆದರೆ ಅವನೇ ಅಷ್ಟು ಚೆನ್ನಾಗಿ ನೋಡಿಕೊಂಡಿದ್ದ ಇಂಜಿನ್ನು ಅದು. ಒಂದೇ ಉಸಿರಿಗೆ ಏರನ್ನು ಏರಿತು.

ಆಗ ಅಂದಾನವ್ವ ಹಿಂದಿನಿಂದ ಎರಡೂ ಕೈ ಚಾಚಿ ಅವನ ಕಣ್ಣು ಮುಚ್ಚಿದಳು.

ಕಣ್ಣಿಗೆ ಕತ್ತಲೆ ಬಂದೊಡನೆ ಅವನ ಕೈಕಾಲು ತಾವಾಗಿಯೇ ಬ್ರೇಕು ಒತ್ತಿದವು. ನನ್ನ ಹಿಂದಿನ ಗಾಲಿ ಜಾರಿತು. ನಾನು ಬಲಕ್ಕೆ ಬಿದ್ದು, ಜಲ್ಲಿಯ ಮೇಲೆ ಉಜ್ಜಿಕೊಂಡು ಹೋಗಿ ಹಳಿಗೆ ಸ್ವಲ್ಪ ಈಚೆ ನಿಂತೆ. ಅದೇ ಗಳಿಗೆಗೆ ಜೋಳದ ಹಿಂದಿನಿಂದ ರೈಲು ಬಂತು. ಡಬ್ಬಿಯ ಹಿಂದೆ ಡಬ್ಬಿ, ಬಿಸಿಗಾಳಿ, ಧೂಳು. ನನ್ನ ಮುಂದಿನ ಗಾಲಿ ಆ ಗಾಳಿಗೆ ಸುಮ್ಮನೆ ತಿರುಗುತ್ತಿತ್ತು.

ರೈಲು ಹೋದ ಮೇಲೆ ಬಹಳ ಹೊತ್ತು ಇಬ್ಬರೂ ಏಳಲಿಲ್ಲ. ಅವನ ಮೊಣಕೈ ಸುಲಿದಿತ್ತು. ಅವಳ ಅಂಗೈ ಹರಿದಿತ್ತು. ಪೇಟಿ ತೊಟ್ಟಿಲಿನಿಂದ ಹಾರಿ ಜಲ್ಲಿಯ ಮೇಲೆ ಒಡೆದು ಬಿದ್ದಿತ್ತು. ಹಿತ್ತಾಳೆಯ ರೀಡುಗಳು ಬಿಸಿಲಿಗೆ ಅಲ್ಲಲ್ಲಿ ಹೊಳೆಯುತ್ತಿದ್ದವು. ರಾಚಪ್ಪ ಹಳಿಯನ್ನೇ ನೋಡುತ್ತ ಹೇಳಿದ:

“ನನಗ ಕೇಳಸಲಿಲ್ಲ.”

ಅಂದಾನವ್ವ ತೆವಳುತ್ತ ಬಂದು ಅವನ ಮುಖದ ಎದುರಿಗೆ ಕೂತಳು. ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿದಳು.

“ನನಗ ಗೊತ್ತೈತ್ರಿ. ಜ್ವಾಳ ಬಿತ್ತೂ ಮುಂದ ಗೊತ್ತಾತು.”

ಅವನಿಗೆ ಸಿಟ್ಟು ಬಂತು. ಎಷ್ಟೋ ದಿನದಿಂದ ಒಳಗೇ ಇಟ್ಟುಕೊಂಡದ್ದೆಲ್ಲ ಆ ಸಿಟ್ಟಿನಲ್ಲಿ ಹೊರಬಂತು.

“ಗೊತ್ತಿದ್ದೂ ನನ್ನ ಹಿಂದ ಯಾಕ ಕುಂತಿ? ಸಾಯಾಕ?”

“ನೀವ ಒಬ್ಬರ ಹೋಗಬಾರದಂತ.”

ಅವನು ಅವಳ ತುಟಿಯನ್ನು ನೋಡಿದ. ಅರ್ಥವಾಗಲಿಲ್ಲವೇನೋ ಎಂದು ಅವಳು ಇನ್ನೊಮ್ಮೆ ಹೇಳಿದಳು. ಮೊದಲ ಸಲವೇ ಅರ್ಥವಾಗಿತ್ತು. ಅವನು ಮುಖ ಮುಚ್ಚಿಕೊಂಡ.

ಒಡೆದ ಪೇಟಿಯನ್ನು ಅವಳ ಶಾಲಿನಲ್ಲಿ ಕಟ್ಟಿಕೊಂಡು, ಬಾಗಿದ ಬ್ರೇಕನ್ನು ಕಲ್ಲಿನಿಂದ ಗುದ್ದಿ ನೆಟ್ಟಗೆ ಮಾಡಿ, ನನ್ನನ್ನು ತಳ್ಳಿಕೊಂಡೇ ನಾಟಕದ ಬೀಡಿಗೆ ಹೋದರು. ಬಣ್ಣ ಹಚ್ಚಿಕೊಳ್ಳುತ್ತಿದ್ದವರೆಲ್ಲ ಹೊರಬಂದು ನಿಂತರು. ರಾಚಪ್ಪ ಗಂಟು ಬಿಚ್ಚಿ ಕಳಕಪ್ಪನ ಮುಂದೆ ಇಟ್ಟ.

“ಮಾಸ್ತರ, ಅವತ್ತು ತಪ್ಪು ಹವಾದ್ದಲ್ಲ. ನನ್ನ ಕಿವಿ ಹೋಗ್ಯಾವು. ಮ್ಯಾಲಿನ ಸುರ ನನಗ ಕೇಳಸೂದಿಲ್ಲ.”

“ಇದನ್ನ ಅವತ್ತ ಹೇಳಬೇಕಿತ್ತು ರಾಚಪ್ಪ,” ಎಂದ ಕಳಕಪ್ಪ. ಬೈಯಲಿಲ್ಲ. ಊರಿನ ಭಜನೆಯವರ ಪೇಟಿ ಕೇಳಿ ತರಲು ಯಾರನ್ನೋ ಅಟ್ಟಿದ. ಆಮೇಲೆ ಇವನ ಕಡೆ ನೋಡಲಿಲ್ಲ.

ಸುದ್ದಿ ನಮಗಿಂತ ಮುಂಚೆ ಗದಗ ಮುಟ್ಟಿತ್ತು. ಪೇಟಿ ಕೊಟ್ಟವರು ಒಬ್ಬೊಬ್ಬರೇ ಬಂದು ತಿರುಗಿ ಒಯ್ದರು. ಅಂಗಳದ ಆ ಬದಿ ಖಾಲಿಯಾಯಿತು. ಹುಬ್ಬಳ್ಳಿಯ ಕಿವಿ ಡಾಕ್ಟರು, ನರ ಸೊರಗಿದೆ, ಹೋದದ್ದು ಮರಳುವುದಿಲ್ಲ ಎಂದು ಹೇಳಿ, ಕಿವಿಗೆ ಹಾಕುವ ಮಶಿನ್ ಕೊಟ್ಟರು. ಅದರಿಂದ ಹತ್ತಿರದ ಮಾತು ಒಂದಿಷ್ಟು ಕೇಳಿಸುತ್ತಿತ್ತು. ಸುರ ಮಾತ್ರ ತಗಡು ಬಡಿದ ಹಾಗೆ ಆಗುತ್ತಿತ್ತು. ರಾಚಪ್ಪ ಅದನ್ನು ತೆಗೆದು ಗೂಡಿನಲ್ಲಿಟ್ಟ. ನನ್ನ ಮೇಲೆ ಗೋಣಿ ಹೊದಿಸಿದ. ಮುಂದಿನ ರವಿವಾರ ನನ್ನ ಹತ್ತಿರ ಬರಲಿಲ್ಲ. ಅದರ ಮುಂದಿನದ್ದಕ್ಕೂ ಬರಲಿಲ್ಲ. ನನ್ನ ಗಾಲಿಗಳ ಗಾಳಿ ಇಳಿಯಿತು. ಇಲಿಯೊಂದು ಸೀಟಿನ ಸ್ಪಂಜು ಕಿತ್ತು ಏರ್ ಫಿಲ್ಟರಿನಲ್ಲಿ ಮರಿ ಹಾಕಿತು. ಮನೆಯೊಳಗೆ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಒಮ್ಮೆ ಅವನು ಅರಗಳನ್ನೆಲ್ಲ ಒಟ್ಟುಮಾಡಿ ಗುಜರಿಯವನಿಗೆ ಹಾಕಲು ಹೊರಟಿದ್ದ. ಅಂದಾನವ್ವ ಅವನ್ನು ಕಸಿದುಕೊಂಡು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು.

ಬೇಸಗೆಯ ಒಂದು ಬೆಳಿಗ್ಗೆ ಅವಳು ಗೋಣಿ ಎಳೆದು ಬಿಸಾಕಿ, ಬಕೆಟಿನಲ್ಲಿ ನೀರು ತಂದು ನನ್ನ ಕಾರ್ಬೊರೇಟರಿನ ಮೇಲೇ ಸುರಿದಳು. ಪಾತ್ರೆ ತಿಕ್ಕುವ ಬೂದಿಯಿಂದ ಟಾಂಕಿಯನ್ನು ತಿಕ್ಕತೊಡಗಿದಳು. ಬಂಗಾರದ ಗೆರೆ ಮಾಸುವ ಹಾಗೆ ತಿಕ್ಕಿದಳು. ಕಟ್ಟೆಯ ಮೇಲೆ ಕೂತಿದ್ದ ರಾಚಪ್ಪ ಸ್ವಲ್ಪ ಹೊತ್ತು ಸಹಿಸಿದ. ಆಮೇಲೆ ಎದ್ದು ಬಂದು ಅವಳ ಕೈಯಿಂದ ಬೂದಿ ಕಸಿದುಕೊಂಡ.

“ಕಿವಿ ಸತ್ತವಗ ಗಾಡಿ ಯಾಕ? ಇರಲಿ ಬಿಡು.”

ಅವಳು ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಹಿಂದ ಕುಂತ್ರ ನಾ ನಿಮಗ ಕಾಣೂದಿಲ್ಲ. ನನ್ನನ್ನ ಬಾಜೂಕ ಕುಂದ್ರಸ್ರಿ.”

ಅವನು ಅವಳನ್ನೂ ನನ್ನನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಒದ್ದೆ ಕಾರ್ಬೊರೇಟರ್ ಬಿಚ್ಚಲು ಪಾನಾ ಕೇಳಿದ.

ನನಗೆ ಸೈಡ್‌ಕಾರ್ ಕೂಡಿದ್ದು ಹೀಗೆ. ಗುಜರಿಯಿಂದ ಕೊಳವೆ, ಸ್ಕೂಟರಿನ ಗಾಲಿ, ತಗಡು ತಂದ. ನನ್ನ ಎಡಬದಿಗೆ ಚೌಕಟ್ಟು ಕೂಡಿಸಿ, ಕೂರಲು ಬೆಂಚು, ಕಾಲಿನ ಬಳಿ ಒಂದು ಪೇಟಿ ಹಿಡಿಸುವಷ್ಟು ಜಾಗ ಮಾಡಿದ. ಮೂರು ಗಾಲಿಯೂ ಒಂದೇ ದಿಕ್ಕಿಗೆ ನೋಡಬೇಕು. ಕೂದಲೆಳೆ ತಪ್ಪಿದರೂ ಗಾಡಿ ಒಂದು ಕಡೆ ಎಳೆಯುತ್ತದೆ. ಅವನು ಗೋಡೆಯಿಂದ ಗೋಡೆಗೆ ನೂಲು ಕಟ್ಟಿ ಅಳೆದ, ಬಿಚ್ಚಿದ, ಮತ್ತೆ ಕೂಡಿಸಿದ. ಸಾರಿಗೆ ಕಚೇರಿಯವರು ನೋಡಿ ಒಪ್ಪಿಗೆ ಕೊಟ್ಟ ದಿನ ಅವನು ಗೂಡಿನಿಂದ ಕಿವಿಯ ಮಶಿನ್ ತೆಗೆದು ಹಾಕಿಕೊಂಡ.

ಕಲಿಯಲೆಂದು ಎಪಿಎಂಸಿಯ ಬಯಲಿಗೆ ಹೋದೆವು. ಮೊದಲ ಎಡ ತಿರುವಿಗೇ ಸೈಡ್‌ಕಾರಿನ ಗಾಲಿ ನೆಲ ಬಿಟ್ಟು ಎದ್ದಿತು. ನಾನು ಬಲಕ್ಕೆ ಮಗುಚುವುದರಲ್ಲಿದ್ದೆ. ಅಂದಾನವ್ವ ಚೀರಲಿಲ್ಲ. ಸೆರಗು ಹಲ್ಲಿನಲ್ಲಿ ಕಚ್ಚಿ, ಮೈಯನ್ನೆಲ್ಲ ಹೊರಗೆ ಎಡಕ್ಕೆ ಚೆಲ್ಲಿದಳು. ಗಾಲಿ ದೊಪ್ಪನೆ ನೆಲಕ್ಕೆ ಬಿತ್ತು. ರಾಚಪ್ಪ ಗಾಡಿ ನಿಲ್ಲಿಸಿ ಅವಳನ್ನು ನೋಡಿದ. ಮುಂದೆ ಹೋಗೆಂದು ಅವಳು ಕೈ ಮಾಡಿದಳು. ಆ ಬಯಲಿನಲ್ಲೇ ಅವರ ಕೈಭಾಷೆ ಹುಟ್ಟಿತು. ಅಂಗೈ ಎತ್ತಿದರೆ ನಿಲ್ಲು. ಹೆಬ್ಬೆರಳು ಹಿಂದಕ್ಕೆ ಹೋದರೆ ಹಿಂದೆ ಗಾಡಿ ಬಂದಿದೆ. ತೊಡೆ ತಟ್ಟಿದರೆ ಇಂಜಿನ್ನಿನಲ್ಲಿ ಏನೋ ಬೇರೆ ಸದ್ದು.

ಕಸುಬು ಮೊದಲಿನ ಹಾಗೆ ಮರಳಲಿಲ್ಲ. ಕಳಕಪ್ಪ ಮತ್ತೆಂದೂ ಪೇಟಿ ಕಳಿಸಲಿಲ್ಲ. ಆದರೆ ಸಣ್ಣ ಊರುಗಳ ಭಜನಾ ಮೇಳದವರು, ಬೇರೆ ಯಾರೂ ಅಷ್ಟು ದೂರ ಬರುವುದಿಲ್ಲವಾದ್ದರಿಂದ, ಕರೆದರು. ತಿದಿಯ ತೊಗಲು, ಕಟ್ಟಿಗೆ, ಕೆಳಗಿನ ಸುರ ಅವನು ನೋಡುತ್ತಿದ್ದ. ಮೇಲಿನ ಸುರಕ್ಕೆ ಎರಡು ರೀಡು ಒಟ್ಟಿಗೆ ಊದಿಸಿ ಅಂದಾನವ್ವನ ಮುಖ ನೋಡುವನು. ಕೂಡದಿದ್ದರೆ ಎರಡು ದನಿಯ ನಡುವೆ ಒಂದು ಅಲೆ ಏಳುತ್ತದೆ. ಅವಳು ಬೆರಳನ್ನು ಆ ಅಲೆಯ ಹಾಗೆ ನಡುಗಿಸಿ ತೋರಿಸುವಳು. ಅವನು ಸವರುವನು. ಬೆರಳು ನಿಂತಾಗ ಅರ ಕೆಳಗಿಡುವನು.

ಆ ಹಳಿಯನ್ನು ಮೊದಲ ಸಲ ಮತ್ತೆ ದಾಟಬೇಕಾದ ದಿನ ಬಂತು. ಜೋಳ ಆಗಲೂ ಎತ್ತರವಿತ್ತು. ಅವನು ಏರಿನ ಕೆಳಗೇ ನನ್ನನ್ನು ನಿಲ್ಲಿಸಿದ. ಅಂದಾನವ್ವ ಇಳಿದು ಹಳಿಯವರೆಗೆ ನಡೆದು ಹೋದಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು, ನಿಂತು ಕೇಳಿದಳು. ಅಷ್ಟು ಹೊತ್ತೂ ರಾಚಪ್ಪ ಉಸಿರು ಬಿಡದೆ ಅವಳ ಬೆನ್ನನ್ನೇ ನೋಡುತ್ತಿದ್ದ. ಅವಳು ತಿರುಗಿ ಬಾ ಎಂದು ಕೈ ಮಾಡಿದಳು. ನಾವು ದಾಟಿದೆವು. ಆಚೆ ಅವಳು ಹತ್ತಿ ಕೂತಳು.

ಅದಾದ ಮೇಲೆ ವರ್ಷಗಳು ಬಹಳ ಕಳೆದವು. ನನ್ನ ಪಿಸ್ಟನ್ ಸವೆಯಿತು, ಅವನ ಮೊಣಕಾಲು ಸವೆಯಿತು. ಕಿಕ್ ಹೊಡೆಯಲು ಆಗದ ದಿನ ಬಂತು. ಕೊಳ್ಳುವವರು ಬಂದರು, ಸೈಡ್‌ಕಾರ್ ಬಿಚ್ಚಿ ಬರಿ ಗಾಡಿ ಕೊಡಿ ಎಂದರು. ರಾಚಪ್ಪ ಅವರ ತುಟಿ ನೋಡಿ, ಅರ್ಥವಾಗಿದ್ದರೂ ಅರ್ಥವಾಗಲಿಲ್ಲ ಎಂಬಂತೆ ಕಿವಿ ತೋರಿಸಿ ಕಳಿಸಿಬಿಟ್ಟ.

ಈಗ ನಾನು ಅಂಗಳದ ಮೂಲೆಯಲ್ಲಿ ತಗಡಿನ ಕೆಳಗೆ ನಿಂತಿದ್ದೇನೆ. ಸಂಜೆ ಅಂದಾನವ್ವ ಸೈಡ್‌ಕಾರಿನ ಬೆಂಚಿನಲ್ಲಿ ಕೂತು ಕಾಳು ಹಸನು ಮಾಡುತ್ತಾಳೆ. ನನ್ನನ್ನು ನಿಲ್ಲಿಸಿದ ದಿನ ರಾಚಪ್ಪ ಬೆಳಗಿನಿಂದಲೇ ಕೆಲಸಕ್ಕೆ ಕೂತಿದ್ದ. ಟಾಂಕಿಯ ಪೆಟ್ರೋಲು ಪೂರ್ತಿ ಇಳಿಸಿದ. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಒಂದಿಷ್ಟು ಎಣ್ಣೆ ಬಿಟ್ಟು, ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಎಣ್ಣೆ ಒಳಗೆಲ್ಲ ಹಬ್ಬುವಂತೆ ಮಾಡಿದ. ಚೈನಿಗೆ ಗ್ರೀಸು ಬಳಿದ. ಗಾಲಿಗಳು ನೆಲಕ್ಕೆ ತಾಗದಂತೆ ಕೆಳಗೆ ಕಟ್ಟಿಗೆ ಕೊಟ್ಟ. ಅಂದಾನವ್ವ ಅವನ ಎದುರಿಗೆ ಬಂದು ಕೂತು, ಇನ್ನು ಇದನ್ನು ಚಾಲು ಮಾಡುವುದಿಲ್ಲವೇ ಎಂದು ಕೇಳಿದಳು.

“ಇಲ್ಲ,” ಎಂದ ರಾಚಪ್ಪ. ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ಹೇಳಿದ: “ಆದ್ರೂ ಒಳಗ ತುಕ್ಕ ಹಿಡೀಬಾರದಲ್ಲ.”